ಕಿವಿಯಲ್ಲಿ ಹೇಳಬೇಕಾದ ಮಾತು

“ವಿಜಯ್ ಅಧ್ಯಕ್ಷರಾಗಲಿ ಅನ್ನೋರು ಕೈ ಎತ್ತಿ!”

ಇರ್ವಿಂಗ್ ಊರಿನ ಆ ಸಭಾಂಗಣದಲ್ಲಿ ಎಲ್ಲರಿಗಿಂತ ಮೊದಲು ಮೇಲೆದ್ದ ಕೈಯನ್ನು ಕಂಡು, ವಿಜಯ್ ವಿರುದ್ಧ ಸ್ಪರ್ಧಿಸಿದ್ದ ನಿರುಪಮಾ ಬೆಚ್ಚಿದಳು. ಆ ಬೆರಳಿಗೆ ಉಂಗುರ ತೊಡಿಸಿದವಳು ಅವಳೇ. ಹೋದ ತಿಂಗಳಷ್ಟೇ ನಿಶ್ಚಿತಾರ್ಥವಾಗಿತ್ತು.

ಶ್ರೀಪತಿ... ನೀನಾ?!

ಕನ್ನಡ ಸಂಘದ ಚುನಾವಣೆ ಎಂದರೆ ಸಾಮಾನ್ಯವೇ? ಎದುರಾಳಿಗೆ ವೋಟು ಹಾಕಿದವರನ್ನು ಮುಂದಿನ ದೀಪಾವಳಿಯವರೆಗೂ ಮಾತನಾಡಿಸದ ಜನರಿದ್ದಾರೆ! ಅಂಥದ್ದರಲ್ಲಿ ಕಟ್ಟಿಕೊಳ್ಳಬೇಕಾದವನೇ ಹೀಗೆ ಮಾಡಿದರೆ? ಅವನನ್ನು ನೋಡಿ ಉಳಿದವರೂ ಕೈ ಎತ್ತಿದರು. ನಿರುಪಮಾ ಸೋತಳು. ಸೋಲು ಹಾಳಾಗಲಿ, ಆಂಟಿಯರ ಆ ಪಿಸುಮಾತು, ಆ ಕನಿಕರದ ನೋಟ...

ಪಾರ್ಕಿಂಗ್ ಲಾಟಿಗೆ ಅವನು ಓಡಿ ಬಂದ.

“ನಿರು, ಒಂದ್ ಮಾತ್ ಕೇಳು.”

“ಏನ್ ಕೇಳೋದು? ನಿನ್ನೆ ನಮ್ಮನೇಲಿ ಕೂತು ಬಿಸಿಬೇಳೆಬಾತ್ ತಿಂದೆ. ಉಂಡ ಮನೆಗೆ ಎರಡು ಬಗೆದೆಯಲ್ಲ ಶ್ರೀ! ವಿಜಯ್ ನಿಂಗೇನು ಕಮಿಟೀಲಿ ಜಾಗ ಕೊಡ್ತೀನಿ ಅಂದ್ನಾ?”

“ವಿಜಯ್ ಸಂಬಂಧ ಅಲ್ಲ. ಮಲ್ಲವ್ವಜ್ಜಿ ಸಂಬಂಧ.”

ನಿರುಪಮಾ ಕಾರಿನ ಬಾಗಿಲಿಗೆ ಹಾಕಿದ್ದ ಕೈ ತೆಗೆದಳು.

ಹೋದ ದೀಪಾವಳಿಯ ಕಾರ್ಯಕ್ರಮದಲ್ಲಿ ತತ್ವಪದ ಹಾಡಲು ಮಲ್ಲವ್ವ ಮಗನ ಕಾರಿನಲ್ಲಿ ಹೂಸ್ಟನ್‌ನಿಂದ ಬಂದಿದ್ದರು. ಆಗ ಸಾಂಸ್ಕೃತಿಕ ಕಾರ್ಯದರ್ಶಿಯಾಗಿದ್ದ ನಿರುಪಮಾ ಅವರ ಸಮಯವನ್ನು ಪ್ರಾಯೋಜಕರ ಮಕ್ಕಳ ಡ್ಯಾನ್ಸಿಗೆ ಕೊಟ್ಟುಬಿಟ್ಟಳು. “ಮುಂದಿನ ವರ್ಷ ನೋಡೋಣ ಅಜ್ಜಿ” ಎಂದಿದ್ದಳು. ಸಂಕ್ರಾಂತಿಗೆ ಮುಂಚೆಯೇ ಅಜ್ಜಿ ತೀರಿಕೊಂಡರು. ಸಂಘದ ಪರವಾಗಿ ವಾಟ್ಸಾಪ್‌ನಲ್ಲಿ ಕೈಮುಗಿದ ಚಿತ್ರ ಹಾಕಿದವಳೂ ಇವಳೇ. ಆಮೇಲೆ ಅವರ ನೆನಪೂ ಆಗಿರಲಿಲ್ಲ.

“ಸಣ್ಣ ಕುರ್ಚಿಗೇ ನೀ ಇಷ್ಟು ಬದಲಾದಿ. ದೊಡ್ಡದು ಸಿಕ್ಕರ ಏನಾಗತಿ ಅಂತ ಹೆದರಿಕಿ ಬಂತು.”

ಶ್ರೀಪತಿ ಹತ್ತಿರದ ಅಲೆನ್ ಊರಿನ ಶಾಲೆಯಲ್ಲಿ ಲ್ಯಾಟಿನ್ ಮೇಷ್ಟ್ರು. ಸಂಕಟದಲ್ಲೂ ಪಾಠ ಬಿಡುವವನಲ್ಲ!

“ರೋಮ್‌ನಾಗ ಗೆದ್ದ ಸೇನಾಪತಿ ಮೆರವಣಿಗಿ ಹೊಂಟಾಗ, ಹಿಂದ ಒಬ್ಬ ಆಳು ನಿಂತು ಅವನ ಕಿವ್ಯಾಗ ಹೇಳತಿದ್ನಂತ, ‘ನೀನೂ ಒಂದಿನ ಸಾಯೋ ಮನಷ್ಯಾ’ ಅಂತ. ಇಲ್ಲಂದ್ರ ಮನಷ್ಯಾಗ ತಾನ ದೇವರು ಅನಸತದ.”

“ಕಿವೀಲಿ ತಾನೇ?” ಅವಳು ತಿರುಗಿಬಿದ್ದಳು. “ಊರೆಲ್ಲ ನೋಡೋ ಹಾಗೆ ಕೈ ಎತ್ತಿ ಅಲ್ವಲ್ಲ! ನನ್ನ ತಪ್ಪನ್ನ ನಂಗೆ ಹೇಳ್ಬೇಕಿತ್ತು ಶ್ರೀ... ನಂಗೆ!”

ಶ್ರೀಪತಿ ತಲೆ ತಗ್ಗಿಸಿದ.

“ಹೇಳಿದ್ರ ನೀ ನನ್ನ ಬಿಟ್ಟು ಹೋಗತಿ ಅಂತ ಅಂಜಿದೆ. ಅಂಜಿ ನಿನಗ ಮೋಸ ಮಾಡಿದೆ. ತಪ್ಪಾತು. ನೀ ಇಲ್ಲದ ನನಗ ಆಗೂದಿಲ್ಲ ನಿರು.”

ಅವಳಿಗೆ ಅಳು ಬಂತು. ತನಗಾಗಿಯೋ, ಆ ಅಜ್ಜಿಗಾಗಿಯೋ... ಕಣ್ಣೊರೆಸಿಕೊಂಡು ಕಾರಿನ ಕೀ ಅವನತ್ತ ಎಸೆದಳು.

“ಹೂಸ್ಟನ್‌ಗೆ ನಡಿ. ಅಜ್ಜಿ ಮಗನ ಹತ್ರ ಕ್ಷಮೆ ಕೇಳ್ಬೇಕು. ನೀನೇ ಡ್ರೈವ್ ಮಾಡು, ದಾರಿಯುದ್ದಕ್ಕೂ ನಿನ್ನ ಬೈಬೇಕು.”

“ಬೈಯೂದು ಹೂಸ್ಟನ್ ಬರೂದ್ರಾಗ ಮುಗೀತದೇನು?”

“ಮುಗಿಯಲ್ಲ. ಮದುವೆ ಆದ್ಮೇಲೂ ಇರತ್ತೆ.”

“ಅಂದ್ರ... ಮದುವಿ...?”

“ಗಾಡಿ ತೆಗಿ ಮೊದ್ಲು!”