ಹೆಸರಿನ ಜಾಗ

ಮೊಳಕಾಲ್ಮೂರಿನ ನಮ್ಮ ಪುಟ್ಟ ಚರ್ಚಿನಲ್ಲಿ ಹಾಡು ಆರಿಸುವ ಕೆಲಸ ನನ್ನದು. ಹೋದ ಮಾರ್ಚಿನಲ್ಲಿ ಸೀರೆ ನೇಯುತ್ತಿದ್ದ ರೂತಮ್ಮ ತೀರಿಕೊಂಡಾಗ, ಮಣ್ಣಿನ ದಿನಕ್ಕೆ ಒಂದು ಹಳೆಯ ಹಾಡು ಆರಿಸಿದೆ. ಅದರ ಪ್ರತಿ ಚರಣದ ಕೊನೆಗೆ ಸತ್ತವರ ಹೆಸರು ಸೇರಿಸಿ ಹಾಡುತ್ತೇವೆ. ಅಭ್ಯಾಸ ಮಾಡುವಾಗ ಮಾತ್ರ ಆ ಜಾಗದಲ್ಲಿ ಸುಮ್ಮನಿರಬೇಕು. ಹೆಸರು ಸಮಾಧಿಯ ಮುಂದೆಯೇ ಬಾಯಿಗೆ ಬರಬೇಕು.

ಮಧ್ಯಾಹ್ನ ಒಬ್ಬನೇ ಚರ್ಚಿಗೆ ಹೋದೆ. ತಗಡಿನ ಚಾವಣಿ ಕಾದು ಚಟಪಟ ಎನ್ನುತ್ತಿತ್ತು, ಆದರೆ ಹಾರ್ಮೋನಿಯಂ ಬಾವಿನೀರಿನಂತೆ ತಣ್ಣಗಿತ್ತು. ಮೂರು ಚರಣ ಹಾಡಿ, ಮೂರು ಸಲವೂ ಹೆಸರಿನ ಜಾಗ ಖಾಲಿ ಬಿಟ್ಟು, ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು ಅವ್ವನಿಗೆ ಕೇಳಿಸಿದೆ. ಹೆಂಗಸರ ಹಾಡು ನಡೆಸುವವಳು ಅವಳೇ.

ಮೊದಲ ಚರಣ ಮುಗಿಯಿತು. ನಾನು ಸುಮ್ಮನಿದ್ದ ಜಾಗದಲ್ಲಿ ನನ್ನದೇ ದನಿ "ಸುವಾರ್ತಮ್ಮ" ಎಂದಿತು. ಅದು ಅವ್ವನ ಹೆಸರು.

"ಲೇ ಇಮ್ಮಾನುಯೇಲ, ಬದುಕಿರೋ ಅವ್ವನ್ನೇ ಮಣ್ಣು ಮಾಡ್ತೀಯೇನೋ?" ಎಂದು ನಕ್ಕಳು.

"ನಾನು ಹೆಸರು ಹೇಳೇ ಇಲ್ಲವ್ವ."

ಎರಡನೆಯ ಚರಣಕ್ಕೂ ಅದೇ ಹೆಸರು ಬಂತು. ಅವ್ವನ ನಗು ನಿಂತಿತು. ಆಫ್ ಮಾಡಲು ಹೋದ ನನ್ನ ಕೈ ಹಿಡಿದು, "ಇರ್ಲಿ ಬಿಡು, ಇನ್ನೊಂದೈತೆ" ಎಂದಳು.

ಮೂರನೆಯ ಸಲ ಫೋನು ಯಾರ ಹೆಸರನ್ನೂ ಹೇಳಲಿಲ್ಲ. ಆ ಮೌನಕ್ಕೆ ಅವ್ವ ಬಾಗಿಲ ಕಡೆ ತಿರುಗಿ, "ಹಾಂ, ಬಂದೆ" ಎಂದು ಓಗೊಟ್ಟಳು.