ಬೈಗುಳದ ಸವಾರಿ

ಹೊಸ ಕಾರು ಕೊಂಡಾಗಿನಿಂದ ಗಣಿತದ ಟೀಚರ್‌ಗೆ ನೆಮ್ಮದಿಯಿಲ್ಲ. ಬಾಗಿಲು ತೆಗೆದರೆ ಕುಂಯ್, ಹಾಕಿದರೆ ಕುಂಯ್. ಸೀಟಿನ ಮೇಲೆ ಉತ್ತರಪತ್ರಿಕೆಯ ಕಟ್ಟು ಇಟ್ಟರೆ ಅದಕ್ಕೂ ಬೆಲ್ಟ್ ಹಾಕಬೇಕಂತೆ.

"ಅತ್ತೆ ಇಲ್ಲದ ಮನೆ ಸೇರ್ಬೇಕು ಅಂದ್ಕೊಂಡಿದ್ದೆ. ನೋಡಿ, ದುಡ್ಡು ಕೊಟ್ಟು ಅತ್ತೇನ ತಂದ್ಕೊಂಡೆ," ಎಂದಳು.

ಪಕ್ಕದಲ್ಲಿ ಕೂತ ಲೈಬ್ರೇರಿಯನ್ ನಕ್ಕ. ಒಂದೇ ಶಾಲೆ, ಒಂದೇ ದಾರಿ. ವರ್ಷದಿಂದ ಸಂಜೆ ಅವನನ್ನು ಮನೆಗೆ ಬಿಡುವುದು ಅವಳೇ. ಇವತ್ತು ಕೊನೆ. ಸೋಮವಾರದಿಂದ ಅವನಿಗೆ ಊರಿನ ಆ ತುದಿಯ ಶಾಖೆಗೆ ವರ್ಗ. ಮನಸ್ಸಿನಲ್ಲಿರುವುದನ್ನು ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಎಂದು ಗೊತ್ತಿದ್ದರೂ, ಬಾಯಿ ತೆರೆದರೆ ಅವಳಿಗೆ ಬರುವುದು ಬರೀ ಕಾರಿನ ಪುರಾಣ.

"ಎಸಿ ಕಡಿಮೆ ಮಾಡೋಕೆ ಸ್ಕ್ರೀನಲ್ಲಿ ಊರೆಲ್ಲ ಸುತ್ಬೇಕು. ನಾನು ಬಲಕ್ಕೆ ಹೋದ್ರೆ ಸ್ಟೀರಿಂಗು ಎಡಕ್ಕೆ ಎಳೆಯುತ್ತೆ. ಬುದ್ಧಿವಂತ ಕಾರಂತೆ, ನನ್ನ ತಲೆ."

"ಹೂಂ, ಆಮೇಲೆ?"

"ಮುಂದೆ ನೋಡ್ರೀ. ನನ್ನ ಮುಖದಲ್ಲೇನು ದಾರಿ ಇದೆಯಾ?"

"ದಾರಿ ನೀವು ನೋಡ್ತಿದೀರಲ್ಲ," ಎಂದ. ಕಣ್ಣು ಮಾತ್ರ ಕದಲಲಿಲ್ಲ. ಅವಳ ಕಿವಿ ಬಿಸಿಯಾಯಿತು.

ಸಿಗ್ನಲ್‌ನಲ್ಲಿ ನಿಂತಾಗ ಫೋನು ಬಂತು. ಕಾರು ಯಾರನ್ನೂ ಕೇಳದೆ ತಾನೇ ಎತ್ತಿತು. ಎಲ್ಲ ಸ್ಪೀಕರುಗಳಿಂದ ಅವಳ ಅಕ್ಕನ ದನಿ.

"ಹೇಳಿದ್ಯೇನೇ ಅವರಿಗೆ? ಇವತ್ತೂ ಕಾರನ್ನೇ ಬೈಕೊಂಡು ಕೂರ್ಬೇಡ. ಇಷ್ಟಪಟ್ಟಿದೀನಿ ಅನ್ನೋಕೆ ಏನು ದಾಡಿ ನಿಂಗೆ?"

ಟೀಚರ್ ಸ್ಕ್ರೀನನ್ನು ಕುಕ್ಕಿದಳು. ಸೀಟು ಬೆಚ್ಚಗಾಗತೊಡಗಿತು. ಮತ್ತೆ ಕುಕ್ಕಿದಳು. ಅಕ್ಕನ ದನಿ ಇನ್ನೂ ಜೋರಾಯಿತು. ಭೂಮಿ ಬಾಯಿಬಿಟ್ಟರೆ ಕಾರಿನ ಸಮೇತ ಇಳಿದುಬಿಡೋಣ ಎನಿಸಿತು ಪಾಪ.

ಅವನು ಮೆಲ್ಲನೆ ಸ್ಕ್ರೀನಿನ ಕಡೆ ಬಾಗಿದ. "ಅಕ್ಕಾ, ಇನ್ನೂ ಹೇಳಿಲ್ಲ. ನಾನೂ ವರ್ಷದಿಂದ ಕಾಯ್ತಿದೀನಿ."

ಆ ಕಡೆಯಿಂದ ಫೋನು ಕಟ್ಟಾಯಿತು.

"ನೀವಾದ್ರೂ ಹೇಳ್ಬಹುದಿತ್ತಲ್ಲ?" ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

"ಬೇಡ ಅಂದ್ಬಿಟ್ರೆ ಈ ಸವಾರಿನೂ ಹೋಗುತ್ತಲ್ಲ ಅಂತ ಹೆದರಿಕೆ. ಇನ್ನೊಂದು ಹೇಳ್ತೀನಿ, ಬೈಬೇಡಿ. ನನ್ನ ಹತ್ರಾನೂ ಕಾರಿದೆ. ಅಣ್ಣನ ಮನೆ ಶೆಡ್ಡಲ್ಲಿ ಬಚ್ಚಿಟ್ಟಿದೀನಿ."

ದೀಪ ಹಸಿರಾಯಿತು. ಅವಳು ಅವನ ಮನೆಯ ಕಡೆ ಕಾರು ತಿರುಗಿಸಿದಳು. ಗೇಟಿನ ಮುಂದೆ ಕಾರು ನಿಂತರೂ ಅವನು ಇಳಿಯಲಿಲ್ಲ.

"ಸೋಮವಾರದಿಂದ ನೀವೇ ಬಂದು ನನ್ನ ಕರ್ಕೊಂಡು ಹೋಗಿ," ಎಂದಳು.

"ಸುತ್ತಾಗುತ್ತೆ, ಪರ್ವಾಗಿಲ್ಲ. ಆದ್ರೆ ನಂದು ಹಳೇ ಕಾರು, ತಂಟೆ ಮಾಡಲ್ಲ. ಯಾರನ್ನ ಬೈತೀರಿ?"

"ನೀವಿರ್ತೀರಲ್ಲ." ಅವಳು ಈಗ ದಾರಿ ಬಿಟ್ಟು ಅವನನ್ನೇ ನೋಡಿದಳು. "ನಂಗೆ ನೀವಂದ್ರೆ ತುಂಬಾ ಇಷ್ಟ. ಅಕ್ಕ ಹೇಳಿದ್ದು ಲೆಕ್ಕಕ್ಕಿಲ್ಲ. ಇದು ನಾನೇ ಹೇಳ್ತಿರೋದು."