ಝಾಡಿಸಿದ ಚೀಲಗಳು

"ಎರಡು ಕೊಡ ನೀರು ತರಾಕ ಹತ್ತು ಸಲ ಕುಂದ್ರತಿ. ನಿಂದು ನಾಟಕ ಭಾಳ ಆಯ್ತು."

ಹೀರಾಬಾಯಿ ಹರಿಹಾಯುತ್ತಿದ್ದರೂ ಸೊಸೆ ಸುಶ್ಮಿತಾ ಹೊಸ್ತಿಲ ಮೇಲೆ ಎದೆ ಹಿಡಿದು ಕುಳಿತೇ ಇದ್ದಳು. ಉತ್ತರ ಕೊಡಲು ಬಾಯಿ ತೆರೆದಳು, ಉಸಿರೇ ಬರಲಿಲ್ಲ... ಮಗ ದತ್ತು ಉಣ್ಣುವ ತಾಟು ಬಿಟ್ಟು ಓಡಿಬಂದ.

"ಯವ್ವಾ, ನಿನ್ನಿಂದ ಇಕಿಗಿ ಏನರೆ ಆದ್ರ, ನನ್ನ ಮನ್ಯಾಗ ನಿನಗ ಜಾಗ ಇಲ್ಲ."

ವಾಡಿಯಿಂದ ಕಲಬುರಗಿಯ ಆಸ್ಪತ್ರೆ ತಲುಪುವವರೆಗೂ ಮುದುಕಿ ಗೊಣಗುತ್ತಲೇ ಇದ್ದಳು. ಆದರೆ ಡಾಕ್ಟರಮ್ಮ ಸೊಸೆಯ ಬೆನ್ನಿಗೆ ಸೂಜಿ ಹಾಕಿ ಒಂದೂವರೆ ಲೀಟರ್ ನೀರು ತೆಗೆದಾಗ ಮುದುಕಿ ಆ ನೀರನ್ನೇ ದಿಟ್ಟಿಸಿದಳು. ಇಷ್ಟು ನೀರನ್ನು ಎದೆಯೊಳಗೆ ಇಟ್ಟುಕೊಂಡು ಈ ಹೆಣ್ಣು ದಿನವೂ ರೊಟ್ಟಿ ಬಡಿಯುತ್ತಿತ್ತೇ?

ವಾರದ ಮೇಲೆ ವರದಿ ಬಂತು. ಶ್ವಾಸಕೋಶದ ಸುತ್ತಲಿನ ಪೊರೆಗೆ ಕ್ಯಾನ್ಸರ್ ಹಬ್ಬಿತ್ತು.

"ಮನ್ಯಾಗ ಯಾರರೆ ಸಿಮೆಂಟ್ ಶೀಟಿನ ಕಾರ್ಖಾನ್ಯಾಗ ಇದ್ರೇನ್ರಿ?" ಡಾಕ್ಟರಮ್ಮ ಕೇಳಿದರು.

"ತೀರಿಕೊಂಡ ನಮ್ಮಪ್ಪ ಇದ್ದ್ರಿ. ಅಲ್ಲಿಂದ ಖಾಲಿ ಗೋಣಿಚೀಲ ತರ್ತಿದ್ದ. ಕೌದಿ ಒಳಗ ಹಾಕಿ ಹೊಲೀತಿದ್ರು," ಎಂದ ದತ್ತು.

"ಅದರಾಗಿನ ಧೂಳು ಕಲ್ನಾರಿಂದು, ಆಸ್‌ಬೆಸ್ಟಾಸ್ ಅಂತಾರಲ್ಲ ಅದು. ಈ ರೋಗ ಅದರಿಂದನೇ ಬರ್ತದ. ಚೀಲ ಯಾರು ಝಾಡಸ್ತಿದ್ರು?"

ನೀರಿಗೆ ಹಾಕಿದರೆ ಪುಡಿ ಗಟ್ಟಿಯಾಗಿ ಅಂಟುತ್ತದೆಂದು ಚೀಲಗಳನ್ನು ಒಣಗಿದ್ದಾಗಲೇ ಝಾಡಿಸಲು ಹಚ್ಚಿದವಳು ಹೀರಾಬಾಯಿ. ಇಪ್ಪತ್ತೈದು ವರ್ಷದ ಹಿಂದಿನ ಮಾತು; ಆಗ ದತ್ತು ದುಡಿಯಲು ಹೈದರಾಬಾದಿಗೆ ಹೋಗಿದ್ದ. ತನಗೆ ಕೆಮ್ಮು ಬರುತ್ತದೆಂದು ಹೊಸ ಸೊಸೆಯನ್ನು ಹಿತ್ತಲಿಗೆ ಅಟ್ಟಿ, ತಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ಕೂರುತ್ತಿದ್ದವಳೂ ಅವಳೇ!

"ನಾನೇರಿ," ಎಂದಳು ಸುಶ್ಮಿತಾ. "ಅತ್ತಿ ಬ್ಯಾಡ ಅಂದಿದ್ರು. ನಾನೇ ಕೇಳಲಿಲ್ಲ."

ದತ್ತು ತಲೆ ತಗ್ಗಿಸಿದ. ಸುಮ್ಮನಿದ್ದರೆ ಹೀರಾಬಾಯಿಗೆ ಮನೆಯೂ ಉಳಿಯುತ್ತಿತ್ತು, ಮಗನೂ ಉಳಿಯುತ್ತಿದ್ದ. ಅವಳು ಸುಮ್ಮನಿರಲೂ ನೋಡಿದಳು. ಆದರೆ ಸೊಸೆಯ ಬತ್ತಿದ ಮುಖ ಎದುರಿಗೇ ಇತ್ತು.

"ಸುಳ್ಳು ಹೇಳಲಿಕತ್ತಾಳ," ಎಂದಳು ಕೊನೆಗೆ. "ಝಾಡಸು ಅಂದಾಕಿ ನಾನು. ಕೆಮ್ಮಿದ್ರ ಬೈದಾಕೀನೂ ನಾನೇ... ಇಕಿ ಬ್ಯಾಡ ಅತ್ತಿ ಅಂತ ಅತ್ತಿದ್ಲು."

ದತ್ತು ಎದ್ದು ಹೊರಗೆ ಹೋದ. ನೀರು ಮತ್ತೆ ತುಂಬುತ್ತದೆ, ತುಂಬಿದಾಗಲೆಲ್ಲ ತೆಗೆಯಬೇಕು, ಗುಣವಾಗುವ ಮಾತಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅತ್ತೆ ಸೊಸೆ ಇಬ್ಬರೇ ಕೇಳಿಸಿಕೊಂಡರು.

"ಯಾಕ ಹೇಳಿದ್ರಿ ಅತ್ತಿ?" ಸುಶ್ಮಿತಾ ತಡೆತಡೆದು ಕೇಳಿದಳು. "ನಾ ಹೋದ ಮ್ಯಾಲ... ನಿಮಗ ಯಾರು ನೋಡ್ಕೋತಾರ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜವಾಗಿಯೂ ಅದೇ ಚಿಂತೆಯಾಗಿತ್ತು. ಹೀರಾಬಾಯಿ ಬಾಗಿ ಸೊಸೆಯ ಪಾದಗಳನ್ನು ಹಿಡಿದುಕೊಂಡಳು. ಅವನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟು ಉಸಿರು ಸುಶ್ಮಿತಾಳಲ್ಲಿ ಇರಲಿಲ್ಲ.